ಸಾಲಿನ ಕೊನೆಯವಳು

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತುವವರಿಗೆ ಮೊದಲ ಕೆಲವು ಗಂಟೆ ಬೆಟ್ಟವೇ ಕಾಣುವುದಿಲ್ಲ. ಕಾಣುವುದು ಬೇರು, ಪಾಚಿ ಕಟ್ಟಿದ ಕಲ್ಲು, ಮುಂದೆ ಹೋಗುತ್ತಿರುವವರ ಹಿಮ್ಮಡಿ. ಮರಗಳು ಎಷ್ಟು ಒತ್ತಾಗಿವೆ ಅಂದರೆ ಮಟಮಟ ಮಧ್ಯಾಹ್ನವೂ ಬಿಸಿಲು ನೆಲಕ್ಕೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಜೀರುಂಡೆಗಳ ಸದ್ದು ನಿಲ್ಲುವುದೇ ಇಲ್ಲ. ದಾರಿ ಒಂದೇ ಸಮನೆ ಏರುತ್ತದೆ. ಶಿಖರ ಇರುವುದು 1712 ಮೀಟರ್ ಎತ್ತರದಲ್ಲಿ, ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಸುಮಾರು 13 ಕಿಲೋಮೀಟರ್ ನಡೆಯುವಷ್ಟರಲ್ಲಿ 1500 ಮೀಟರಿಗೂ ಜಾಸ್ತಿ ಏರಬೇಕು. ಕರ್ನಾಟಕದ ಕಷ್ಟದ ಚಾರಣಗಳ ಮಾತು ಬಂದಾಗೆಲ್ಲ ಈ ಬೆಟ್ಟದ ಹೆಸರು ಬಂದೇ ಬರುತ್ತದೆ.

ನಾನು ಈ ದಾರಿ ಹಿಡಿದದ್ದು ಒಂಬತ್ತನೇ ಕ್ಲಾಸಿನಲ್ಲಿ, ಶಾಲೆಯ ಗೈಡ್ಸ್ ತಂಡದ ಜೊತೆ. ಊರು ದಾವಣಗೆರೆ. 2000ದ ಆಸುಪಾಸಿನ ಮಾತು, ದೀಪಾವಳಿ ಕಳೆದಿತ್ತು. ಬಯಲುಸೀಮೆಯ ಹುಡುಗಿ ನಾನು. ಅಲ್ಲಿಯತನಕ ನಾನು ನೋಡಿದ ಕಾಡು ಅಂದರೆ ಜಾಲಿ, ಕುರುಚಲು ಗಿಡ, ಬೋಳು ಗುಡ್ಡ. ಇಡೀ ತಂಡದಲ್ಲಿ ನನಗೆ ಕೊಟ್ಟಿದ್ದ ಜಾಗ ಸಾಲಿನ ಕೊನೆ. ಎಲ್ಲರೂ ಮುಂದೆ, ನಾನು ಹಿಂದೆ. ನನ್ನ ಹಿಂದೆ ಯಾರೂ ಇರಬಾರದು. ಅದೇ ನನ್ನ ಕೆಲಸ.

ಆ ಕೆಲಸದ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಈಗ ಮಗಳ ಶಾಲೆಯಲ್ಲಿ ಶಿಬಿರದ ಚರ್ಚೆ ನಡೆಯುತ್ತಿದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಗೈಡ್ಸ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಆರರಿಂದ ಎಂಟು ಜನ ಇರುವ ಚಿಕ್ಕ ಗುಂಪಿಗೆ ಪೆಟ್ರೋಲ್ ಅನ್ನುತ್ತಾರೆ. ಪ್ರತಿ ಪೆಟ್ರೋಲಿಗೂ ಒಬ್ಬ ಲೀಡರ್. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾವು ಮೈದಾನದ ಬೇವಿನ ಮರದ ಕೆಳಗೆ ಹಗ್ಗ ಹಿಡಿದು ಕೂರುತ್ತಿದ್ದೆವು. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್. ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಆಗಿತ್ತು. ಆದರೆ ಆ ಗಂಟುಗಳಿಂದ ಯಾವತ್ತೂ ಏನನ್ನೂ ಕಟ್ಟಿರಲಿಲ್ಲ. ಹಾಕುವುದು, ತೋರಿಸುವುದು, ಬಿಚ್ಚುವುದು. ಟೀಚರ್ ಸರಿ ಅಂದರೆ ಮುಗಿಯಿತು.

ಯೋಚಿಸಿ ನೋಡಿದರೆ ಶಾಲೆಯಲ್ಲಿ ನಾವು ಮಾಡುವುದೆಲ್ಲ ಹೀಗೇ. ಬಡ್ಡಿ ಲೆಕ್ಕ ಮಾಡುತ್ತೇವೆ, ಯಾರಿಗೂ ಸಾಲ ಕೊಟ್ಟಿರುವುದಿಲ್ಲ. ಪೋಸ್ಟ್‌ಮಾಸ್ಟರಿಗೆ ಪತ್ರ ಬರೆಯುತ್ತೇವೆ, ಅದನ್ನು ಯಾವ ಡಬ್ಬಕ್ಕೂ ಹಾಕುವುದಿಲ್ಲ. ತಪ್ಪಾದರೆ ಕೆಂಪು ಗೆರೆ, ಸರಿಯಾದರೆ ರೈಟ್ ಗುರುತು. ಇದರಲ್ಲಿ ತಪ್ಪೇನೂ ಇಲ್ಲ, ಕಲಿಯುವುದಕ್ಕೆ ಅಭ್ಯಾಸ ಬೇಕೇ ಬೇಕು. ಆದರೆ ಹದಿನಾಲ್ಕು ವರ್ಷದ ಹುಡುಗಿ ಮಾಡುವ ಒಂದು ಕೆಲಸವೂ ನಿಜಕ್ಕೂ ಯಾರಿಗೂ ಬೇಕಾಗಿರುವುದಿಲ್ಲ ಅಂದರೆ ಅದು ಅವಳಿಗೆ ಗೊತ್ತಾಗುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಮ್ಮ ಗೈಡ್ ಕ್ಯಾಪ್ಟನ್ ಆಗಿದ್ದ ಟೀಚರಿಗೆ ಇದು ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಅವರ ತವರು ಸುಬ್ರಹ್ಮಣ್ಯದ ಕಡೆ. ಅದಕ್ಕೂ ಮುಂಚೆ ನಮ್ಮ ಶಿಬಿರ ಅಂದರೆ ಕೊಂಡಜ್ಜಿ. ದಾವಣಗೆರೆಗೆ ಹತ್ತಿರ, ಕೆರೆ ಇದೆ, ಗುಡ್ಡ ಇದೆ, ಸ್ಕೌಟ್ಸ್ ಗೈಡ್ಸ್ ಕೇಂದ್ರದ ಕಟ್ಟಡಗಳಿವೆ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಮೊದಲ ಸಲ ಮನೆ ಬಿಟ್ಟು ಮಲಗಿದ್ದು ಅಲ್ಲೇ. ನಮಗೆ ಅಲ್ಲಿ ಊಟ ರೆಡಿ ಇರುತ್ತಿತ್ತು. ಈ ಸಲ ಟೀಚರ್ ಹೇಳಿದ್ದು ಬೇರೆ. ಘಟ್ಟದ ಕೆಳಗೆ ಅವರ ಸಂಬಂಧಿಕರ ಅಡಿಕೆ ತೋಟ. ಟೆಂಟ್ ನಾವೇ ಹಾಕಬೇಕು. ಅಡುಗೆ ನಾವೇ ಮಾಡಬೇಕು. ಕಕ್ಕಸು ಗುಂಡಿಯನ್ನೂ ನಾವೇ ತೋಡಬೇಕು. ಕೊನೆಗೆ ಬೆಟ್ಟ.

ಪೋಷಕರ ಸಭೆಯಲ್ಲಿ ಗಲಾಟೆಯೇ ಆಯಿತು. ಹೆಣ್ಣುಮಕ್ಕಳನ್ನು ಕಾಡಿಗೆ ಕಳಿಸುವುದಾ ಅಂತ ಒಬ್ಬರು ಎದ್ದು ಹೋದರು. ನಮ್ಮಮ್ಮ ಎದ್ದು ಹೋಗಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದರು: ಮುಟ್ಟಾದರೆ ಏನು ಮಾಡ್ತೀರಿ? ಸಭೆಯಲ್ಲಿ ಗಂಡಸರೂ ಇದ್ದರು. ಟೀಚರ್ ಒಂಚೂರೂ ತಡವರಿಸದೆ ಉತ್ತರ ಕೊಟ್ಟರು. ಪ್ಯಾಡು, ಬಟ್ಟೆ ಎರಡೂ ತಂದಿರ್ತೀನಿ. ಸೀರೆ ಕಟ್ಟಿ ಪ್ರತ್ಯೇಕ ಮರೆ ಮಾಡ್ತೀವಿ. ಹೊಟ್ಟೆ ನೋವಿದ್ದವರಿಗೆ ಬೆಟ್ಟ ಹತ್ತು ಅಂತ ಹೇಳಲ್ಲ, ಹತ್ತಬೇಡ ಅಂತಲೂ ಹೇಳಲ್ಲ, ಅವಳೇ ಹೇಳಲಿ. ಅಮ್ಮ ಅಲ್ಲೇ ಸಹಿ ಹಾಕಿದರು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟರು.

ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ತಿರುಗುವ ಹೊತ್ತಿಗೆ ಅರ್ಧ ಜನಕ್ಕೆ ವಾಂತಿ ಆಗಿತ್ತು. ಪ್ರಯಾಣದ ಬಗ್ಗೆ ಇಷ್ಟು ಸಾಕು.

ತೋಟದ ಮೊದಲ ಸಂಜೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಪೆಟ್ರೋಲಿಗೆ ಅಡುಗೆ ಬಿದ್ದಿತ್ತು. ಮಳೆಗಾಲ ಮುಗಿದಿದ್ದರೂ ಅಲ್ಲಿ ಯಾವುದೂ ಪೂರ್ತಿ ಒಣಗುವುದಿಲ್ಲ. ಕೈಗೆ ಸಿಕ್ಕ ಸೌದೆಯೆಲ್ಲ ಹಸಿಹಸಿ. ಮೂರು ಕಲ್ಲಿಟ್ಟು, ಪೇಪರ್ ತುರುಕಿ ಕಡ್ಡಿ ಗೀರಿದರೆ ಹೊಗೆ ಬಂತೇ ಹೊರತು ಬೆಂಕಿ ಹತ್ತಲಿಲ್ಲ. ಟೀಚರ್ ಸ್ವಲ್ಪ ದೂರದಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಎದ್ದು ಬರಲಿಲ್ಲ. ತೋಟದ ಮನೆಯ ಅಜ್ಜಿ ಒಬ್ಬರು ನಮ್ಮನ್ನು ನೋಡುತ್ತಾ ನಿಂತಿದ್ದವರು ಒಂದು ಮಾತು ಹೇಳಿದರು: ಮೇಲೆ ಹಸಿ ಇದ್ರೆ ಎಂತ, ಸೀಳಿ ನೋಡಿ.

ಸೀಳಿದೆವು. ದಪ್ಪ ಕಟ್ಟಿಗೆಯ ಒಳಗಿನ ತಿರುಳು ನಿಜಕ್ಕೂ ಒಣಗಿತ್ತು. ಅದನ್ನು ಕತ್ತಿಯಿಂದ ಬೆರಳು ಗಾತ್ರಕ್ಕೆ, ಆಮೇಲೆ ಬೆಂಕಿಕಡ್ಡಿ ಗಾತ್ರಕ್ಕೆ ಸೀಳುವುದು. ಕೆಳಗೆ ತೆಂಗಿನ ನಾರು, ಅದರ ಮೇಲೆ ಸಣ್ಣ ಸೀಳು, ಅದರ ಮೇಲೆ ದಪ್ಪ ಸೀಳು, ಗಾಳಿ ಆಡುವುದಕ್ಕೆ ನಡುವೆ ಜಾಗ. ಹಸಿ ಸೌದೆಯನ್ನು ಒಲೆಯ ಸುತ್ತ ನಿಲ್ಲಿಸಿದರೆ ಉರಿಯ ಕಾವಿಗೆ ಅದು ಒಣಗುತ್ತಾ ಬರುತ್ತದೆ, ರಾತ್ರಿ ಹೊತ್ತಿಗೆ ಉರಿಸಬಹುದು. ಪಾತ್ರೆಯನ್ನು ಒಲೆ ಮೇಲೆ ಇಡುವ ಮೊದಲು ಅದರ ಹೊರಮೈಗೆಲ್ಲ ಹಸಿಮಣ್ಣು ಬಳಿಯಬೇಕು ಅಂತಲೂ ಅಜ್ಜಿಯೇ ಹೇಳಿದರು. ಮಸಿ ಮಣ್ಣಿಗೆ ಹಿಡಿಯುತ್ತದೆ, ಪಾತ್ರೆಗೆ ಹಿಡಿಯುವುದಿಲ್ಲ. ತೊಳೆಯುವಾಗ ನೀರು ಹಾಕಿದರೆ ಮಣ್ಣಿನ ಜೊತೆ ಮಸಿಯೂ ಕಳಚಿ ಬರುತ್ತದೆ. ಇದನ್ನು ನಾನು ಇವತ್ತಿಗೂ ಮಾಡುತ್ತೇನೆ, ಹಬ್ಬದಲ್ಲಿ ಹಿತ್ತಲಲ್ಲಿ ಒಲೆ ಹೂಡಿದಾಗ.

ನೀರು ತರಬೇಕಾಗಿದ್ದು ತೋಡಿನಿಂದ. ಆ ಕಡೆ ಹಳ್ಳಕ್ಕೆ ತೋಡು ಅನ್ನುತ್ತಾರೆ. ದೂರ ಏನಿಲ್ಲ, ಆದರೆ ಜಾರುವ ಇಳಿಜಾರು. ಇಬ್ಬಿಬ್ಬರು ಒಂದು ಬಿದಿರ ಗಳಕ್ಕೆ ಕೊಡ ನೇತುಹಾಕಿ ಹೊತ್ತು ತರುತ್ತಿದ್ದೆವು. ಕೊಡದ ಕೊರಳಿಗೆ ಹಗ್ಗ ಬಿಗಿಯುವಾಗ ನನ್ನ ಕೈ ತಾನಾಗಿ ಕ್ಲೋವ್ ಹಿಚ್ ಹಾಕಿತು. ಬೇವಿನ ಮರದ ಕೆಳಗೆ ನೂರು ಸಲ ಹಾಕಿ ಬಿಚ್ಚಿದ ಗಂಟು ಮೊದಲ ಸಲ ಭಾರ ಹೊತ್ತಿತು. ಅದು ಜಾರಿದ್ದರೆ ಇಡೀ ಶಿಬಿರದ ಅನ್ನ ಒಂದು ಗಂಟೆ ತಡ. ಜಾರಲಿಲ್ಲ. ಅವತ್ತು ಅನ್ನ ಸ್ವಲ್ಪ ತಳ ಹಿಡಿದಿತ್ತು, ಸಾರಿಗೆ ಉಪ್ಪು ಕಮ್ಮಿ. ಅಡಿಕೆ ಹಾಳೆಯ ತಟ್ಟೆಯಲ್ಲಿ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಬೇರೆ ಪೆಟ್ರೋಲಿನ ಹುಡುಗಿಯರು ನಮ್ಮ ಅಡುಗೆ ತಿಂದು ಕೈ ತೊಳೆಯುವುದನ್ನು ನೋಡುತ್ತಾ ನಾನು ಅನುಭವಿಸಿದ ಖುಷಿಯನ್ನು ಯಾವ ರ್‍ಯಾಂಕೂ ಕೊಟ್ಟಿಲ್ಲ.

ಇಂಥ ಶಿಬಿರಗಳ ಯೋಚನೆ ಹೊಸದೇನಲ್ಲ. 1907ರ ಆಗಸ್ಟಿನಲ್ಲಿ, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿ ಮೊದಲ ಶಿಬಿರ ನಡೆಸಿದರು. ಅದರಲ್ಲಿ ಶ್ರೀಮಂತರ ಶಾಲೆಯ ಹುಡುಗರೂ ಇದ್ದರು, ದುಡಿಯುವವರ ಮನೆಯ ಹುಡುಗರೂ ಇದ್ದರು. ಹುಡುಗಿಯರನ್ನು ಯಾರೂ ಕರೆದಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ಸಮಾವೇಶ ನಡೆದಾಗ ಕೆಲವು ಹುಡುಗಿಯರು ತಾವಾಗೇ ಬಂದು ನಿಂತರು, ನಾವೂ ಸ್ಕೌಟ್‌ಗಳೇ ಅಂತ. ಮುಂದಿನ ವರ್ಷ ಗೈಡ್ಸ್ ಹುಟ್ಟಿತು. ಭಾರತದಲ್ಲಿ ಮೊದಲ ಗೈಡ್ ತಂಡ ಶುರುವಾಗಿದ್ದು 1911ರಲ್ಲಿ ಜಬಲ್ಪುರದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆ ಬೇರೆ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮರು ವರ್ಷ ಗೈಡ್ಸ್ ಸಂಸ್ಥೆಯೂ ಅದರೊಳಗೆ ಸೇರಿತು. ಕರೆಯದೆ ಬಂದು ನಿಂತ ಆ ಹುಡುಗಿಯರ ಕಥೆಯನ್ನು ಟೀಚರ್ ನಮಗೆ ಕ್ಯಾಂಪ್‌ಫೈರ್ ಮುಂದೆ ಕೂರಿಸಿ ಹೇಳಿದ್ದರು. ನನಗೆ ಅದು ತುಂಬಾ ಹಿಡಿಸಿತ್ತು. ಈಗಲೂ ಹಿಡಿಸುತ್ತದೆ.

ಇನ್ನೊಂದು ಕಥೆ ನಾನು ದೊಡ್ಡವಳಾದ ಮೇಲೆ ಓದಿದ್ದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸರಕು ಹಡಗುಗಳು ಮುಳುಗುತ್ತಿದ್ದಾಗ, ಲೈಫ್‌ಬೋಟಿನಲ್ಲಿ ಕೂತ ಹರೆಯದ ನಾವಿಕರು ಬೇಗ ಸೋತುಹೋಗುತ್ತಿದ್ದಾರೆ, ವಯಸ್ಸಾದವರು ಬದುಕಿ ಬರುತ್ತಿದ್ದಾರೆ ಅಂತ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರಿಗೆ ಅನ್ನಿಸಿತು. ಅವರೂ, ಜರ್ಮನಿಯಿಂದ ಬಂದಿದ್ದ ಶಿಕ್ಷಕ ಕರ್ಟ್ ಹಾನ್ ಅವರೂ ಸೇರಿ 1941ರಲ್ಲಿ ವೇಲ್ಸಿನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಶಾಲೆ ತೆರೆದರು. ಹುಡುಗರಿಗೆ ಕಡಲು, ಬೆಟ್ಟ, ರಕ್ಷಣೆಯ ಕೆಲಸ. ಮೈಯಲ್ಲಿ ಕಸುವಿದ್ದರೆ ಸಾಲದು, ಇದನ್ನು ತಾಳಿಕೊಳ್ಳಬಲ್ಲೆ ಅನ್ನುವುದು ಒಮ್ಮೆಯಾದರೂ ತಾಳಿಕೊಂಡು ಗೊತ್ತಿರಬೇಕು ಅನ್ನುವುದು ಅವರ ನಂಬಿಕೆಯಾಗಿತ್ತು.

ಬೆಟ್ಟಕ್ಕೆ ಬರುತ್ತೇನೆ.

ಹಿಂದಿನ ರಾತ್ರಿ ಟೀಚರ್ ಸಾಲು ಮಾಡಿದರು. ಎಲ್ಲಕ್ಕಿಂತ ಮುಂದೆ ಊರಿನ ದಾರಿ ಗೊತ್ತಿದ್ದ ಒಬ್ಬರು. ಅವರ ಹಿಂದೆಯೇ, ನಡಿಗೆಯಲ್ಲಿ ಎಲ್ಲರಿಗಿಂತ ನಿಧಾನ ಇದ್ದ ಹುಡುಗಿ. ಬೇಗ ನಡೆಯುವವರೆಲ್ಲ ನಡುವೆ. ನಿಧಾನದವಳು ಹಿಂದೆ ಇದ್ದರೆ ಏನಾಗುತ್ತದೆ ಅಂತ ಟೀಚರ್ ವಿವರಿಸಿದರು. ಮುಂದಿನವರು ನಿಂತು ಸುಧಾರಿಸಿಕೊಳ್ಳುತ್ತಾರೆ, ಅವಳು ಏದುಸಿರು ಬಿಡುತ್ತಾ ಬಂದು ಮುಟ್ಟುವಷ್ಟರಲ್ಲಿ ಅವರು ಮತ್ತೆ ಹೊರಡುತ್ತಾರೆ. ಜಾಸ್ತಿ ವಿಶ್ರಾಂತಿ ಬೇಕಾದವಳಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಅವಳು ಮುಂದಿದ್ದರೆ ಇಡೀ ಸಾಲು ಅವಳ ಹೆಜ್ಜೆಗೆ ನಡೆಯುತ್ತದೆ. ಇಷ್ಟು ಸರಳವಾದ ಸಂಗತಿ, ಆದರೆ ಇವತ್ತಿಗೂ ಚಾರಣಕ್ಕೆ ಹೋಗುವ ಎಷ್ಟು ಗುಂಪುಗಳು ಇದನ್ನು ಮಾಡುತ್ತವೆ ಹೇಳಿ?

ಕೊನೆಯ ಜಾಗಕ್ಕೆ ನನ್ನ ಹೆಸರು ಕರೆದರು. ಒಂದು ವಿಷಲ್, ಒಂದು ಟಾರ್ಚ್, ಬ್ಯಾಂಡೇಜಿನ ಪೊಟ್ಟಣ ಕೊಟ್ಟರು. ಟೀಚರ್ ಸಾಲಿನ ನಡುವೆ ಇರುತ್ತಿದ್ದರು. ನಿನ್ನ ಹಿಂದೆ ಯಾರಾದರೂ ಉಳಿದರೆ ನನಗೆ ಗೊತ್ತಾಗಲ್ಲ, ನಿನಗೆ ಮಾತ್ರ ಗೊತ್ತಾಗೋದು ಅಂದರು. ಅಷ್ಟೇ. ಧೈರ್ಯ ಹೇಳಲಿಲ್ಲ, ಎಚ್ಚರಿಕೆ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಡು ಹೊಕ್ಕೆವು. ಹತ್ತು ನಿಮಿಷಕ್ಕೆ ಮೊದಲ ಕಿರುಚಾಟ. ಇಂಬಳ. ಬಯಲುಸೀಮೆಯವರಿಗೆ ಈ ಕಾಡಿನ ಜಿಗಣೆ ಅಂದರೆ ಪುಸ್ತಕದ ಚಿತ್ರ ಅಷ್ಟೇ. ತರಗೆಲೆ ಮೇಲೆ ನೆಟ್ಟಗೆ ನಿಂತು, ನಾವು ಬರುವ ಕಾವು ಹಿಡಿದು ತಲೆ ಆಡಿಸುತ್ತಿರುತ್ತದೆ. ಕಾಲಿಗೆ ಹತ್ತಿ ಕಚ್ಚಿದರೂ ಗೊತ್ತಾಗುವುದಿಲ್ಲ, ನೋವಾಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಅನ್ನುವ ಅಂಶ ಇದೆ. ಹಾಗಾಗಿ ಅದು ಹೊಟ್ಟೆ ತುಂಬಿ ಉದುರಿ ಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ. ನೋಡುವುದಕ್ಕೆ ಭಯವಾಗುತ್ತದೆ, ಆದರೆ ಅಪಾಯ ಏನಿಲ್ಲ. ತೋಟದ ಮನೆಯವರು ಹೊಗೆಸೊಪ್ಪು ನೆನೆಸಿದ ನೀರನ್ನು ಸಾಕ್ಸಿಗೆ ಹಚ್ಚಿಕೊಟ್ಟಿದ್ದರು, ಒಂದಿಷ್ಟು ಉಪ್ಪು ಸುಣ್ಣ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು. ಆ ಗಂಟು ನನ್ನ ಹತ್ತಿರ ಇತ್ತು. ನಿಲ್ಲಬೇಡಿ, ನಿಂತಷ್ಟೂ ಜಾಸ್ತಿ ಹತ್ತುತ್ತೆ ಅಂತ ಹಿಂದಿನಿಂದ ಕೂಗುತ್ತಾ, ಮುಂದಿನವಳ ಕಾಲಿಗೆ ಹತ್ತಿದ್ದನ್ನು ಉಪ್ಪಿನ ಗಂಟಿನಿಂದ ಮುಟ್ಟಿ ಬೀಳಿಸುತ್ತಾ ನಡೆದೆ. ಒಂದು ಗಂಟೆ ಕಳೆದ ಮೇಲೆ ಯಾರೂ ಕಿರುಚುತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ನಡೆಯುವವರಿಗೆ ಕಾಣುವ ಲೋಕವೇ ಬೇರೆ. ಮುಂದಿನವರಿಗೆ ದಾರಿ ಕಾಣುತ್ತದೆ, ಕೊನೆಯವಳಿಗೆ ಜನ ಕಾಣುತ್ತಾರೆ. ಯಾರು ಎಡಗಾಲು ಸ್ವಲ್ಪ ಎಳೆಯುತ್ತಿದ್ದಾಳೆ, ಯಾರು ನೀರು ಕುಡಿಯದೆ ಬಾಟಲಿ ಸುಮ್ನೆ ಹೊತ್ತಿದ್ದಾಳೆ, ಯಾರ ಚೀಲದ ಪಟ್ಟಿ ಒಂದೇ ಭುಜಕ್ಕೆ ಜಗ್ಗುತ್ತಿದೆ, ಎಲ್ಲ ಗೊತ್ತಾಗುತ್ತದೆ. ಹೊಸ ಕ್ಯಾನ್ವಾಸ್ ಶೂ ಹಾಕಿದ್ದ ಒಬ್ಬಳ ನಡಿಗೆ ಭೀಮನ ಕಲ್ಲು ದಾಟಿದ ಮೇಲೆ ಬದಲಾಯಿತು. ಹಿಮ್ಮಡಿ ಊರದೆ ಬೆರಳ ಮೇಲೆ ನಡೆಯುತ್ತಿದ್ದಳು. ಕೇಳಿದರೆ ಏನಿಲ್ಲ ಅಂದಳು. ವಿಷಲ್ ಊದಿ ಸಾಲು ನಿಲ್ಲಿಸಿದೆ. ಶೂ ಬಿಚ್ಚಿಸಿದರೆ ಹಿಮ್ಮಡಿಯ ಮೇಲೆ ರೂಪಾಯಿ ನಾಣ್ಯದಷ್ಟು ಬೊಬ್ಬೆ, ಇನ್ನೂ ಒಡೆದಿರಲಿಲ್ಲ. ಹತ್ತಿಯನ್ನು ಬಳೆಯ ಹಾಗೆ ಸುತ್ತಿ, ಬೊಬ್ಬೆ ಅದರ ನಡುವೆ ಬರುವಂತೆ ಇಟ್ಟು, ಮೇಲೆ ಪಟ್ಟಿ ಹಚ್ಚಿದೆ. ಶೂ ಈಗ ಬಳೆಗೆ ಉಜ್ಜುತ್ತದೆ, ಬೊಬ್ಬೆಗೆ ಉಜ್ಜುವುದಿಲ್ಲ. ಪ್ರಥಮ ಚಿಕಿತ್ಸೆಯ ಪರೀಕ್ಷೆಗೆ ಅಂತ ಉರು ಹೊಡೆದಿದ್ದು. ಅವಳು ಅವತ್ತೂ ಮರುದಿನವೂ ನಡೆದಳು.

ಇದು ದೊಡ್ಡ ಸಾಹಸ ಏನಲ್ಲ. ಒಂದು ಬೊಬ್ಬೆ. ಆದರೆ ನಾನು ನೋಡದೇ ಇದ್ದಿದ್ದರೆ ಬೇರೆ ಯಾರೂ ನೋಡುತ್ತಿರಲಿಲ್ಲ. ನನ್ನ ಹಿಂದೆ ಇನ್ನೊಬ್ಬ ದೊಡ್ಡವರು ಇದ್ದು, ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ನೋಡಿ ರೈಟ್ ಹಾಕುತ್ತಿರಲಿಲ್ಲ. ನನ್ನ ಹಿಂದೆ ಇದ್ದದ್ದು ಕಾಡು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವುದು ಗಿರಿಗದ್ದೆಯ ಹತ್ತಿರ. ಅಲ್ಲಿ ಭಟ್ಟರ ಮನೆ. ಕುಮಾರ ಪರ್ವತ ಹತ್ತಿದ ಕನ್ನಡಿಗರಲ್ಲಿ ಆ ಮನೆಯ ಅನ್ನ, ಸಾಂಬಾರು, ಮಜ್ಜಿಗೆ ಉಂಡವರು ಎಷ್ಟು ಸಾವಿರವೋ. ಅಷ್ಟು ಎತ್ತರದಲ್ಲಿ, ರಸ್ತೆಯಿಲ್ಲದ ಕಡೆ, ಬಂದವರಿಗೆಲ್ಲ ಬಿಸಿ ಅನ್ನ ಬಡಿಸುವುದು ಅಂದರೆ ಅಕ್ಕಿ ಬೇಳೆ ಎಲ್ಲ ಕೆಳಗಿನಿಂದ ಹೊತ್ತು ತರಬೇಕು. ಒಂದೇ ಒಂದು ಕೊಡ ಹೊತ್ತು ಭುಜ ಕೆಂಪಾಗಿದ್ದ ನಮಗೆ ಆ ಅನ್ನದ ತೂಕ ಗೊತ್ತಿತ್ತು. ತಟ್ಟೆಯಲ್ಲಿ ಒಬ್ಬರೂ ಒಂದು ಅಗುಳು ಬಿಡಲಿಲ್ಲ. ಅವತ್ತು ರಾತ್ರಿ ಅಲ್ಲೇ ಮಲಗಿದೆವು. ಕೆಳಗೆ ಸೆಕೆಯಲ್ಲಿ ಬೆವರುತ್ತಿದ್ದವರು ಇಲ್ಲಿ ಸ್ವೆಟರ್ ಮೇಲೆ ಚಾದರ ಹೊದ್ದರೂ ನಡುಗಿದೆವು. ಸಾವಿರ ಮೀಟರ್ ಏರಿದರೆ ಗಾಳಿ ಆರೇಳು ಡಿಗ್ರಿ ತಣ್ಣಗಾಗುತ್ತದೆ ಅಂತ ಭೂಗೋಳದ ಪಾಠದಲ್ಲಿ ಓದಿದ್ದೆವು. ಅವತ್ತು ಮೈಗೆ ಗೊತ್ತಾಯಿತು.

ಬೆಳಕು ಹರಿಯುವ ಮೊದಲೇ ಟೀಚರ್ ಎಬ್ಬಿಸಿದರು. ಹೊರಡುವ ಮುಂಚೆ ಒಂದು ನಿಯಮ ಹೇಳಿದರು. ಹನ್ನೊಂದು ಗಂಟೆಗೆ ನಾವು ಎಲ್ಲಿರ್ತೀವೋ ಅಲ್ಲಿಂದ ವಾಪಸ್. ಶಿಖರ ಹತ್ತು ಹೆಜ್ಜೆ ಇದ್ರೂ ವಾಪಸ್. ಎಲ್ಲರೂ ಹೂಂ ಅಂದೆವು. ಹೂಂ ಅನ್ನುವುದು ಸುಲಭ ಅಲ್ವಾ.

ಹುಲ್ಲುಗಾವಲಿನಲ್ಲಿ ನೆರಳಿಲ್ಲ. ಸೂರ್ಯ ಮೇಲೆ ಬಂದ ಹಾಗೆ ಕಾಲು ಭಾರವಾಗುತ್ತಾ ಹೋಯಿತು. ಕಲ್ಲು ಮಂಟಪದ ಹತ್ತಿರ ನೀರು ತುಂಬಿಕೊಂಡೆವು. ಅಲ್ಲಿಂದ ಮುಂದೆ ಒಬ್ಬಳು ದಾರಿಯಲ್ಲೇ ಕೂತುಬಿಟ್ಟಳು. ನೋವಿಲ್ಲ, ಗಾಯ ಇಲ್ಲ, ಜ್ವರ ಇಲ್ಲ. ಇನ್ನು ಆಗಲ್ಲ ಅಂದಳು ಅಷ್ಟೇ. ಟೀಚರ್ ಬಂದು ನೋಡಿ, ಮುಖ ಮುಟ್ಟಿ, ನೀರು ಕುಡಿಸಿ, ನೀವಿಬ್ಬರೂ ನಿಧಾನ ಬನ್ನಿ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ನಾವಿರ್ತೀವಿ ಅಂದು ಮುಂದೆ ಹೋದರು. ಬೋಳು ಹುಲ್ಲಿನ ಇಳಿಜಾರು, ಸಾಲು ಪೂರ್ತಿ ಕಾಣುತ್ತಿತ್ತು. ನಾನು ಅವಳ ಪಕ್ಕ ಕೂತೆ. ಮಂಡಕ್ಕಿ ಚೀಲ ಬಿಚ್ಚಿದೆ. ಏನೂ ಮಾತಾಡಲಿಲ್ಲ. ಕೆಳಗೆ ಕಾಡಿನ ಮೇಲೆ ಮೋಡ ಕೂತಿತ್ತು, ದೂರದಲ್ಲಿ ಎಲ್ಲೋ ಮಂಗಟ್ಟೆ ಹಕ್ಕಿಯ ಕೂಗು. ಸ್ವಲ್ಪ ಹೊತ್ತಿಗೆ ಅವಳೇ ಎದ್ದಳು. ಆ ಬಂಡೆ ತನಕ ಹೋಗೋಣ ಅಂದಳು. ಬಂಡೆ ತನಕ ಹೋದೆವು. ಆಮೇಲೆ ಇನ್ನೊಂದು ಬಂಡೆ ತೋರಿಸಿದಳು.

ಹನ್ನೊಂದಕ್ಕೆ ನಾವಿದ್ದದ್ದು ಶೇಷ ಪರ್ವತದಲ್ಲಿ. ಹೆಡೆ ಬಿಚ್ಚಿದ ಹಾಗೆ ಚಾಚಿಕೊಂಡಿರುವ ಬೆಟ್ಟ. ಅಲ್ಲಿಂದ ಒಂದು ಶೋಲಾ ಕಾಡಿಗೆ, ಅಂದರೆ ಹುಲ್ಲುಗಾವಲಿನ ನಡುವೆ ಕಣಿವೆಯಲ್ಲಿ ಬೆಳೆದ ಕಾಡಿಗೆ ಇಳಿದು, ಆ ಕಡೆಯ ಬಂಡೆ ಹತ್ತಿದರೆ ಕುಮಾರ ಪರ್ವತ. ತಾರಕನನ್ನು ಕೊಂದ ಕುಮಾರಸ್ವಾಮಿ ಬಂದು ತಂಗಿದ್ದು ಅಲ್ಲೇ ಅಂತ ಸ್ಥಳಪುರಾಣ. ಶಿಖರ ಎದುರಿಗೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಟೀಚರ್ ಗಡಿಯಾರ ನೋಡಿದರು, ವಾಪಸ್ ಅಂದರು.

ಕೆಲವರು ಅತ್ತರು. ಒಬ್ಬಳು ಟೀಚರ್ ಜೊತೆ ವಾದಕ್ಕೇ ಇಳಿದಳು, ಒಂದು ಗಂಟೆ ಕೊಡಿ ಟೀಚರ್ ಅಂತ. ಅವರು ಕೋಪ ಮಾಡಿಕೊಳ್ಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕಾಡಿನ ದಾರಿ ಕತ್ತಲಲ್ಲಿ ಇಳಿಯೋ ದಾರಿ ಅಲ್ಲ, ಬೆಳಗ್ಗೆ ಎಲ್ಲರೂ ಒಪ್ಪಿದ್ರಿ ಅಂದರು. ತಿರುಗಿದೆವು. ಈಗ ನಾನು ತಾಯಿಯಾಗಿ ಆ ಗಳಿಗೆಯನ್ನು ಯೋಚಿಸುತ್ತೇನೆ. ಮೂವತ್ತಕ್ಕೂ ಜಾಸ್ತಿ ಹುಡುಗಿಯರ ಅಳು ಎದುರಿಗಿಟ್ಟುಕೊಂಡು ತಾವು ಹೇಳಿದ ಮಾತಿಗೆ ನಿಲ್ಲುವುದು ಸಣ್ಣ ಕೆಲಸ ಅಲ್ಲ. ಶಿಖರ ಮುಟ್ಟಿಸಿದ್ದರೆ ಊರಲ್ಲಿ ಅವರಿಗೆ ಹೆಸರು ಬರುತ್ತಿತ್ತು. ಅವರಿಗೆ ಬೇಕಾಗಿದ್ದು ಹೆಸರಲ್ಲ.

ಕೆಳಗಿಳಿದ ಮೇಲೆ ಕುಮಾರಧಾರೆಯಲ್ಲಿ ಸ್ನಾನ. ಇದೇ ಬೆಟ್ಟಗಳಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಹೊಳೆ. ನೀರಿಗಿಳಿಯುವ ಮೊದಲು ಟೀಚರ್ ಮಾಡಿದ ಏರ್ಪಾಡು ನೋಡಬೇಕಿತ್ತು. ಸ್ಥಳೀಯರೊಬ್ಬರು ಮೊದಲು ಇಳಿದು ಕೋಲಿನಿಂದ ಆಳ ನೋಡಿದರು. ಒಂದು ಮರದಿಂದ ಇನ್ನೊಂದು ಬಂಡೆಗೆ ಹಗ್ಗ ಕಟ್ಟಿದರು, ಹಗ್ಗದ ಆಚೆ ಯಾರೂ ಹೋಗುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ರೋಲ್. ಇಬ್ಬಿಬ್ಬರ ಜೋಡಿ, ವಿಷಲ್ ಊದಿದ ಕೂಡಲೇ ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು, ಎಣಿಕೆ ಸರಿಯಾಗಬೇಕು. ಮೊಣಕಾಲುದ್ದ ನೀರಿಗೆ ಇಷ್ಟೆಲ್ಲ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಎಷ್ಟೋ ಪೋಷಕರು ಇನ್ನು ಮಕ್ಕಳನ್ನು ಎಲ್ಲಿಗೂ ಕಳಿಸುವುದಿಲ್ಲ ಅಂದರು. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಷ್ಟ ಬೇರೆ, ಅಪಾಯ ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ದೂರ ಇಡುತ್ತಿದ್ದೇವೆ ಅನ್ನುವುದೇ ನನ್ನ ಸಂಕಟ. ಹಸಿ ಸೌದೆ ಕಷ್ಟ. ಚಳಿ ಕಷ್ಟ. ಇಂಬಳ, ಬೊಬ್ಬೆ, ಹಸಿವು, ಏರು ಇವೆಲ್ಲ ಕಷ್ಟ. ಇವು ಮಗುವಿಗೆ ಬೇಕು. ಅಳತೆ ನೋಡದ ನೀರು, ಕತ್ತಲಾದ ಮೇಲಿನ ಇಳಿಜಾರು, ಎಣಿಸದೆ ಬಿಟ್ಟ ಮಕ್ಕಳು ಅಪಾಯ. ಇವನ್ನು ದೊಡ್ಡವರು ತೆಗೆದುಹಾಕಬೇಕು. ನಮ್ಮ ಟೀಚರ್ ನಮ್ಮಿಂದ ಕಷ್ಟವನ್ನು ಒಂದು ತೂಕವೂ ಕಡಿಮೆ ಮಾಡಲಿಲ್ಲ, ಅಪಾಯದ ವಿಷಯದಲ್ಲಿ ಒಂದು ನಿಮಿಷವೂ ಸಡಿಲ ಬಿಡಲಿಲ್ಲ.

ಈಗ ನಡೆಯುತ್ತಿರುವುದು ಉಲ್ಟಾ. ಕಷ್ಟ ತೆಗೆದಿದ್ದಾರೆ. ಮಕ್ಕಳ ಶಿಬಿರ ಅಂದರೆ ರೆಸಾರ್ಟಿನ ಒಳಗೆ ಹಗ್ಗದ ಮೇಲೆ ಜಾರುವುದು, ಮಳೆ ಡ್ಯಾನ್ಸು, ಬಫೆ ಊಟ, ಫೋಟೋ. ಮಗು ಅಲ್ಲಿ ಗ್ರಾಹಕ. ಅವಳು ಬರದಿದ್ದರೂ ಆ ಹಗ್ಗ ಹಾಗೇ ಇರುತ್ತದೆ, ಊಟವೂ ಹಾಗೇ ಆಗುತ್ತದೆ. ಇನ್ನೊಂದು ಕಡೆ ಬೆಟ್ಟಗಳಲ್ಲಿ ಜಾತ್ರೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತಿದ್ದ ವಿಡಿಯೋ ನೀವೂ ನೋಡಿರಬಹುದು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಾಡಿತು. ಒಳ್ಳೆಯದಾಯಿತು. ಪುಷ್ಪಗಿರಿ ಅಭಯಾರಣ್ಯ ಅದು, 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ಭಾಗ. ನಾವು ಹೋದ ಹಾಗೆ ಈಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಂತೂ ಮುಚ್ಚಿರುತ್ತಾರೆ, ಮುಚ್ಚಿರಬೇಕು ಕೂಡ.

ಬೆಟ್ಟ ಇದೇ ಆಗಬೇಕು ಅಂತೇನಿಲ್ಲ. ಕೊಂಡಜ್ಜಿಯೇ ಸಾಕು. ದೊಡ್ಡಬಳ್ಳಾಪುರದಲ್ಲೂ ಸ್ಕೌಟ್ಸ್ ಗೈಡ್ಸ್ ಶಿಬಿರದ ಜಾಗ ಇದೆ. ಸರ್ಕಾರದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಬಂಡೆ ಹತ್ತುವುದನ್ನು ಗೊತ್ತಿದ್ದವರೇ ಕಲಿಸುತ್ತಾರೆ. ಶಾಲೆಯ ಹಿಂದಿನ ಮೈದಾನದಲ್ಲೇ ಒಂದು ರಾತ್ರಿ ಟೆಂಟ್ ಹಾಕಿದರೂ ಆದೀತು, ಒಲೆ ಮಕ್ಕಳದೇ ಆಗಿದ್ದರೆ.

ನಾನು ಮುಂದೆ 1712 ಮೀಟರಿನ ಆ ಶಿಖರವನ್ನೂ ಮುಟ್ಟಿದೆ, ಮದುವೆಯಾದ ಮೇಲೆ, ಗಂಡನ ಜೊತೆ. ಚೆನ್ನಾಗಿತ್ತು. ಮೋಡ, ಗಾಳಿ, ಕಲ್ಲುಗಳ ನಡುವೆ ಪೂಜೆ ಮಾಡುವ ಜಾಗ, ಆ ಕಡೆ ಸೋಮವಾರಪೇಟೆಯ ಬೆಟ್ಟಗಳು. ಆದರೆ ಅದರ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಹೇಳುವುದಿರುವುದೆಲ್ಲ ಶೇಷ ಪರ್ವತದವರೆಗಿನ ದಾರಿಯ ಬಗ್ಗೆ.

ಮಗಳ ಶಾಲೆಯ ಪೋಷಕರ ಸಮಿತಿಯಲ್ಲಿ ನಾನಿದ್ದೇನೆ. ಈ ವರ್ಷ ರೆಸಾರ್ಟ್ ಬೇಡ, ಶಿಬಿರ ಮಾಡೋಣ ಅನ್ನುವುದಕ್ಕೆ ಬಹಳ ಜನ ಒಪ್ಪಿದ್ದಾರೆ. ಹೆಣ್ಣುಮಕ್ಕಳನ್ನೂ ರಾತ್ರಿ ಉಳಿಸಿಕೊಳ್ಳುವುದು ಅಂತ ತೀರ್ಮಾನ ಆಗಿದೆ. ಅದಕ್ಕೆ ಮೂರು ಜನ ತಾಯಂದಿರು ಜೊತೆಗೆ ಬರುತ್ತೇವೆ ಅಂದಿದ್ದಾರೆ, ಅವರಲ್ಲಿ ಒಬ್ಬರು ನರ್ಸ್. ಕೆರೆಗೆ ಯಾರೂ ಇಳಿಯುವಂತಿಲ್ಲ ಅಂತ ಬರೆದುಕೊಂಡಿದ್ದೇವೆ. ಉಳಿದಿರುವುದು ಅಡುಗೆಯ ವಿಷಯ. ಮಕ್ಕಳು ಸುಟ್ಟುಕೊಂಡರೆ ಕಷ್ಟ, ಕೇಟರಿಂಗ್ ಹೇಳೋಣ ಅನ್ನುತ್ತಾರೆ ಕೆಲವರು. ಒಲೆ ಪಕ್ಕ ಒಬ್ಬ ದೊಡ್ಡವರು ಕೂತಿರಲಿ, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರಲಿ, ದುಪಟ್ಟಾ ಹಾಕಿಕೊಂಡವರು ಬೆಂಕಿ ಹತ್ತಿರ ಬರಬಾರದು, ಕುದಿಯುವ ಪಾತ್ರೆಯನ್ನು ದೊಡ್ಡವರೇ ಇಳಿಸಲಿ, ಆದರೆ ಅಡುಗೆ ಮಕ್ಕಳೇ ಮಾಡಲಿ ಅಂತ ನಾನು ಹೇಳುತ್ತಿದ್ದೇನೆ. ಶನಿವಾರ ಇನ್ನೊಂದು ಸಭೆ ಇದೆ. ಅವತ್ತೂ ಇದನ್ನೇ ಹೇಳುತ್ತೇನೆ.